ರಕ್ತದ ಸಕ್ಕರೆಯೂ ನಾಳಕೋಶಗಳ ಕಾವಲೂ

೧೯೨೨ನೆಯ ಇಸವಿಯ ಜನವರಿ ತಿಂಗಳಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಇನ್ಸುಲಿನ್ನನ್ನು ಚುಚ್ಚಿ ಕೊಟ್ಟಾಗ, ಮಧುಮೇಹದ ಕಥೆ ಅಲ್ಲಿಗೆ ಮುಗಿಯಿತೆಂದು ಜನ ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅದುವರೆಗೆ ಎಳೆಯರಲ್ಲಿ ಈ ರೋಗ ಕಾಣಿಸಿಕೊಂಡರೆ, ಉಪವಾಸಪ್ರಾಯವಾದ ಪಥ್ಯದಿಂದ ಮರಣವನ್ನು ಸ್ವಲ್ಪ ಕಾಲ ಮುಂದೂಡುವುದಲ್ಲದೆ ವೈದ್ಯನ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ. ಇನ್ಸುಲಿನ್ ಆ ಮಕ್ಕಳನ್ನು ಬದುಕಿಸಿತು. ಆದರೆ ಬದುಕಿದವರು ಹದಿನೈದು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ರೋಗದ ಇನ್ನೊಂದು ಮುಖ ಹೊರಬಿದ್ದಿತು. ಕೆಲವರ ಕಣ್ಣು ಮಂಜಾಯಿತು. ಕೆಲವರ ಮೂತ್ರಪಿಂಡ ಕೆಟ್ಟಿತು. ಪಾದದ ಹುಣ್ಣು ಮಾಯದೆ ಉಳಿಯಿತು. ಹೃದಯಾಘಾತ ಅಕಾಲದಲ್ಲಿ ಬಂದಿತು. ೧೯೩೬ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ಇಬ್ಬರು ವೈದ್ಯರು ಮಧುಮೇಹಿಗಳ ಮೂತ್ರಪಿಂಡದಲ್ಲಿ ಕಂಡ ಗಂಟುಗಳನ್ನು ವರ್ಣಿಸಿದರು. ಕಣ್ಣು, ಮೂತ್ರಪಿಂಡ, ಹೃದಯ, ಕಾಲು ಎಂದು ಅಂಗಗಳು ಬೇರೆ ಬೇರೆಯಾದರೂ ಕೆಟ್ಟುದು ಎಲ್ಲೆಡೆಯಲ್ಲಿಯೂ ಮುಖ್ಯವಾಗಿ ಒಂದೇ: ರಕ್ತನಾಳ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ದೇಶದಾದ್ಯಂತ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಲೆಕ್ಕ ಹಾಕಿತು. ಇವರಲ್ಲಿ ಬಹುಮಂದಿಯನ್ನು ಕಾಡತಕ್ಕದ್ದು ಸಕ್ಕರೆಯ ಏರಿಕೆಯೆಂಬ ಆ ಅಂಕಿಯಲ್ಲ. ಅದರ ಬೆನ್ನುಹತ್ತಿ ಬರುವ ನಾಳರೋಗ. ಆದುದರಿಂದ ಒಂದು ಪ್ರಶ್ನೆ ಪಂಡಿತರ ಕುತೂಹಲಕ್ಕಷ್ಟೆ ಸೀಮಿತವಾದುದಲ್ಲ. ಗ್ಲೂಕೋಸ್ ಎಂಬುದು ವಿಷವಲ್ಲ, ಅನ್ನ. ಮಿದುಳು ದಿನವೂ ಉರಿಸುವ ಇಂಧನವೇ ಅದು. ಅಂಥ ಅನ್ನ ನಾಳದ ಗೋಡೆಗೆ ಏಕೆ ಮಾರಕವಾಗಬೇಕು?

ನಾಳದ ಒಳಮೈಯನ್ನು ಹೊದ್ದಿರುವುದು ಒಂದೇ ಒಂದು ಕೋಶದಷ್ಟು ದಪ್ಪವಾದ ಪೊರೆ. ಇದಕ್ಕೆ ಎಂಡೋಥೀಲಿಯಂ ಎಂದು ಹೆಸರು. ಬಹುಕಾಲ ಇದನ್ನು ಗೋಡೆಗೆ ಬಳಿದ ಸುಣ್ಣದಂತೆ ನಿಷ್ಕ್ರಿಯವಾದ ಲೇಪವೆಂದು ತಿಳಿದಿದ್ದರು. ೧೯೮೦ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಪ್ರಯೋಗ ನಡೆಸಿ, ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ನಾಳವನ್ನು ಸಡಿಲಿಸಬೇಕಾದರೆ ಈ ಪೊರೆ ಹಾಳಾಗದೆ ಇರಲೇಬೇಕೆಂದು ತೋರಿಸಿದರು. ಅದಕ್ಕೆ ಮುಂಚೆ ಪ್ರಯೋಗಶಾಲೆಗಳಲ್ಲಿ ನಾಳವನ್ನು ಕತ್ತರಿಸಿ ಅಣಿಮಾಡುವಾಗ ಪೊರೆ ಅರಿವಿಲ್ಲದೆಯೇ ಉಜ್ಜಿಹೋಗುತ್ತಿದ್ದುದರಿಂದ ಈ ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲ. ಪೊರೆಯ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಬಿಟ್ಟು ನಾಳವನ್ನು ಹಿಗ್ಗಿಸುತ್ತವೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ ಎಂಬುದು ಮುಂದೆ ಸ್ಥಿರಪಟ್ಟಿತು. ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ೧೯೯೮ರ ನೊಬೆಲ್ ಪಾರಿತೋಷಕ ಸಂದುದು ಈ ಕೆಲಸಕ್ಕಾಗಿಯೇ.

ಈ ಕೋಶಗಳಿಗೆ ಒಂದು ದೌರ್ಬಲ್ಯವುಂಟು. ಮಾಂಸಖಂಡದ ಮತ್ತು ಕೊಬ್ಬಿನ ಕೋಶಗಳಿಗೆ ಗ್ಲೂಕೋಸ್ ಹೇರಳವಾಗಿ ಒಳಹೋಗಬೇಕಾದರೆ ಇನ್ಸುಲಿನ್ನಿನ ಅಪ್ಪಣೆ ಬೇಕು. ನಾಳದ ಒಳಪೊರೆಯ ಕೋಶಗಳಿಗೆ ಅದು ಬೇಡ. ಅವುಗಳ ಬಾಗಿಲು ಸದಾ ತೆರೆದೇ ಇರುತ್ತದೆ. ಹೊರಗೆ ಸಕ್ಕರೆ ಏರಿದರೆ ಒಳಗೂ ಏರುತ್ತದೆ. ಅದೇ ನಾಳದ ಗೋಡೆಯಲ್ಲಿ ನೆರೆಯಲ್ಲಿಯೇ ಇರುವ ಸ್ನಾಯುಕೋಶಗಳು ಹೊರಗಿನ ಸಕ್ಕರೆ ಹೆಚ್ಚಾದೊಡನೆ ತಮ್ಮ ಬಾಗಿಲುಗಳ ಸಂಖ್ಯೆಯನ್ನು ಇಳಿಸಿಕೊಳ್ಳುತ್ತವೆಂದು ೧೯೯೩ರಲ್ಲಿ ಪ್ರಕಟವಾದ ಶೋಧನೆಯೊಂದು ತೋರಿಸಿತು. ಒಳಪೊರೆಯ ಕೋಶಗಳಿಗೆ ಆ ಜಾಣ್ಮೆಯಿಲ್ಲ. ರಕ್ತಕ್ಕೆ ಎಲ್ಲಕ್ಕಿಂತ ಸಮೀಪದಲ್ಲಿರುವ ಕೋಶವೇ ಬಾಗಿಲು ಮುಚ್ಚಲಾರದ ಕೋಶವೂ ಆಗಿರುವುದು ಈ ರೋಗದ ದುರ್ದೈವವೆನ್ನಬೇಕು.

ಕೋಶದೊಳಗೆ ಹೋದ ಗ್ಲೂಕೋಸ್ ಏನು ಮಾಡುತ್ತದೆಂಬುದನ್ನು ತಿಳಿಯುವ ಮುನ್ನ ಕೋಶದ ಕಾವಲಿನ ವ್ಯವಸ್ಥೆಯನ್ನು ಕುರಿತು ನಾಲ್ಕು ಮಾತು ಅವಶ್ಯ. ಒಲೆ ಉರಿಯುವಲ್ಲಿ ಹೊಗೆ ಏಳದಿರದು. ಕೋಶದಲ್ಲಿ ಮೈಟೊಕಾಂಡ್ರಿಯಗಳೆಂಬ ಒಲೆಗಳು ಅನ್ನವನ್ನು ಆಮ್ಲಜನಕದೊಡನೆ ಕೂಡಿಸಿ ಉರಿಸುವಾಗ, ಕೆಲವು ಆಮ್ಲಜನಕದ ಅಣುಗಳು ದಾರಿತಪ್ಪಿದ ಇಲೆಕ್ಟ್ರಾನನ್ನು ಹಿಡಿದುಕೊಂಡು ಸೂಪರಾಕ್ಸೈಡ್ ಆಗುತ್ತವೆ. ಇದು ತನಗೆ ಸಿಕ್ಕಿದ ಪ್ರೋಟೀನು, ಕೊಬ್ಬು ಇವುಗಳನ್ನು ಕೆಡಿಸಬಲ್ಲ ಚಂಚಲ ಸ್ವಭಾವದ ಪದಾರ್ಥ. ಇದನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡಾಗಿ ಮಾರ್ಪಡಿಸುವ ಕಿಣ್ವವೇ ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಮೆಕಾರ್ಡ್ ಮತ್ತು ಫ್ರಿಡೊವಿಚ್ ಇದರ ಕೆಲಸವನ್ನು ೧೯೬೯ರಲ್ಲಿ ಪ್ರಕಟಪಡಿಸಿದರು. ಪೆರಾಕ್ಸೈಡೂ ಅಪಾಯಕಾರಿಯೇ. ಅದನ್ನು ನೀರಾಗಿಸುವುದಕ್ಕೆ ಕೆಟಲೇಸ್ ಎಂಬ ಕಿಣ್ವ ಒಂದು. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಇನ್ನೊಂದು. ಈ ಎರಡನೆಯದು ತನ್ನ ಕೆಲಸಕ್ಕೆ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಬಳಸುತ್ತದೆ. ಪೆರಾಕ್ಸೈಡಿನ ಒಂದು ಅಣು ನೀರಾಗಬೇಕಾದರೆ ಎರಡು ಗ್ಲುಟಾಥಯೋನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ನಿರುಪಯುಕ್ತವಾಗುತ್ತವೆ. ಅವನ್ನು ಮತ್ತೆ ಬಿಡಿಸಿ ಸಜ್ಜುಗೊಳಿಸುವುದಕ್ಕೆ ಎನ್‌ಎಡಿಪಿಎಚ್ ಎಂಬ ಸಹಕಾರಿ ದ್ರವ್ಯ ಬೇಕು.

ಈ ಕೊನೆಯ ಹೆಸರನ್ನು ಓದುಗರು ಮರೆಯಬಾರದು. ಕಾವಲುಗಾರರೆಷ್ಟಿದ್ದರೂ ಅವರಿಗೆ ಕೂಲಿಯ ನಾಣ್ಯ ಸಲ್ಲದಿದ್ದರೆ ಕಾವಲು ನಿಲ್ಲದು. ಕೋಶದ ಕಾವಲಿಗೆ ಆ ನಾಣ್ಯವೇ ಎನ್‌ಎಡಿಪಿಎಚ್. ಕೆಟಲೇಸ್ ಕಿಣ್ವವೂ ಇದನ್ನು ತನ್ನ ಮೈಗೆ ಅಂಟಿಸಿಕೊಂಡೇ ಕೆಡದೆ ಉಳಿಯುತ್ತದೆ. ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವಕ್ಕೂ ಇದು ಬೇಕು. ನಾಣ್ಯ ಮುಖ್ಯವಾಗಿ ಟಂಕಿಸಲ್ಪಡುವುದು ಗ್ಲೂಕೋಸಿನಿಂದಲೇ: ಗ್ಲೂಕೋಸಿನ ಒಂದು ಪಾಲು ಉರಿಯುವ ದಾರಿಯನ್ನು ಬಿಟ್ಟು ಪಕ್ಕದ ಹಾದಿಯೊಂದನ್ನು ಹಿಡಿಯುತ್ತದೆ, ಆ ಹಾದಿಯ ಮೊದಲ ಬಾಗಿಲಲ್ಲಿ ಗ್ಲೂಕೋಸ್-೬-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಕುಳಿತು ಎನ್‌ಎಡಿಪಿಎಚ್‌ಅನ್ನು ಉತ್ಪಾದಿಸುತ್ತದೆ. ಹಾಗಾದರೆ ಸಕ್ಕರೆ ಹೆಚ್ಚಿದಷ್ಟೂ ನಾಣ್ಯ ಹೆಚ್ಚಬೇಕು, ಕಾವಲು ಬಲವಾಗಬೇಕು ಎಂದು ತರ್ಕ ಹೇಳುತ್ತದೆ. ಪ್ರಯೋಗಶಾಲೆಯಲ್ಲಿ ಕಂಡುದು ಇದಕ್ಕೆ ವಿರುದ್ಧ. ತುಂಬಿದ ಕಣಜದ ಮನೆಯಲ್ಲಿ ಉಪವಾಸವಿರುವಂಥ ಈ ವೈಚಿತ್ರ್ಯವೇ ವಿಷಯದ ತಿರುಳು.

ಮೊದಲು ಹೊಗೆಯ ಮಾತು. ೨೦೦೦ದಲ್ಲಿ ನ್ಯೂಯಾರ್ಕಿನ ಮೈಕೇಲ್ ಬ್ರೌನ್‌ಲೀಯವರ ಬಳಗವು ಹಸುವಿನ ಮಹಾಧಮನಿಯ ಒಳಪೊರೆಯ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಹೆಚ್ಚು ಗ್ಲೂಕೋಸಿನಲ್ಲಿಟ್ಟಾಗ ಮೈಟೊಕಾಂಡ್ರಿಯಗಳಿಂದ ಸೂಪರಾಕ್ಸೈಡ್ ಅತಿಯಾಗಿ ಹುಟ್ಟುವುದೆಂದು ತೋರಿಸಿತು. ಅಲ್ಲಿಗೇ ನಿಲ್ಲದೆ, ಆ ಉತ್ಪತ್ತಿಯನ್ನು ಬೇರೆ ಬೇರೆ ಬಗೆಯಿಂದ ತಡೆದು ನೋಡಿದರು: ಒಲೆಯ ಇಲೆಕ್ಟ್ರಾನ್ ಹರಿವನ್ನು ಕಟ್ಟಿದರು, ಅದರ ಒತ್ತಡವನ್ನು ಇಳಿಸಿದರು, ಮೈಟೊಕಾಂಡ್ರಿಯದೊಳಗಿನ ಡಿಸ್ಮ್ಯುಟೇಸನ್ನು ಹೆಚ್ಚಿಸಿದರು. ಯಾವ ಬಗೆಯಿಂದ ತಡೆದರೂ ಸಕ್ಕರೆಯಿಂದಾಗುವ ಹಾನಿಯ ಗುರುತುಗಳು ಹಿಂದೆ ಸರಿದವು. ಮಧುಮೇಹದ ಹಾನಿಗೆ ಕಾರಣವೆಂದು ಅದುವರೆಗೆ ಪ್ರತ್ಯೇಕ ಪ್ರತ್ಯೇಕವಾಗಿ ವಾದಿಸಲಾಗುತ್ತಿದ್ದ ಹಲವು ಮಾರ್ಗಗಳು ಒಂದೇ ಬುಡದಿಂದ ಕವಲೊಡೆದಿವೆಯೆಂಬುದು ಆ ಬಳಗದ ಸಿದ್ಧಾಂತ.

೨೦೦೩ರಲ್ಲಿ ಅದೇ ಬಳಗ ಆ ಬುಡವನ್ನು ಇನ್ನಷ್ಟು ಬಿಡಿಸಿ ತೋರಿತು. ಸೂಪರಾಕ್ಸೈಡು ಕೋಶಕೇಂದ್ರದ ಡಿಎನ್‌ಎ ಎಳೆಗಳನ್ನು ಅಲ್ಲಲ್ಲಿ ಕಡಿಯುತ್ತದೆ. ಕಡಿದ ಎಳೆಯನ್ನು ರಿಪೇರಿ ಮಾಡಲು ಓಡಿಬರುವ ಕಿಣ್ವವೊಂದು, ತನ್ನ ಗಡಿಬಿಡಿಯಲ್ಲಿ, ಗ್ಲಿಸರಾಲ್ಡಿಹೈಡ್-೩-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಮತ್ತೊಂದು ಕಿಣ್ವವನ್ನು ಸ್ತಬ್ಧಗೊಳಿಸುತ್ತದೆ. ಹೆಸರು ಉದ್ದವಾದರೂ ಇದರ ಕೆಲಸ ತಿಳಿಯಲು ಕಷ್ಟವಿಲ್ಲ: ಗ್ಲೂಕೋಸ್ ಒಡೆದು ಸಾಗುವ ಹೆದ್ದಾರಿಯ ನಡುವಿನ ಸೇತುವೆ ಇದು. ಸೇತುವೆ ಮುಚ್ಚಿದರೆ ಹಿಂದಿನಿಂದ ಬಂದ ಬಂಡಿಗಳು ಕಂಡ ಕಂಡ ಅಡ್ಡದಾರಿಗಳಿಗೆ ನುಗ್ಗುತ್ತವೆ. ಒಂದು ದಾರಿಯಲ್ಲಿ ಗ್ಲೂಕೋಸ್ ಸಾರ್ಬಿಟಾಲ್ ಆಗುತ್ತದೆ. ಮತ್ತೊಂದರಲ್ಲಿ ಪ್ರೋಟೀನುಗಳ ಮೈಗೆ ಬಿಡಿಸಲಾಗದಂತೆ ಅಂಟುವ ಪದಾರ್ಥಗಳು ಹುಟ್ಟುತ್ತವೆ. ಮೂರನೆಯದು ಪ್ರೋಟೀನ್ ಕೈನೇಸ್-ಸಿ ಎಂಬ ಕಿಣ್ವವನ್ನು ಕೆರಳಿಸುತ್ತದೆ. ನಾಲ್ಕನೆಯದು ಹೆಕ್ಸೋಸಮೀನುಗಳ ದಾರಿ.

ಇವುಗಳೊಳಗೆ ಕಾವಲಿನ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟವು ಮೊದಲಿನ ಮೂರು. ಗ್ಲೂಕೋಸನ್ನು ಸಾರ್ಬಿಟಾಲ್ ಮಾಡುವ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಸಕ್ಕರೆ ಮಿತವಾಗಿರುವಾಗ ಹೆಚ್ಚು ಕೆಲಸ ಮಾಡುವುದೇ ಇಲ್ಲ. ಸಕ್ಕರೆ ಏರಿದಾಗ ಎಚ್ಚೆತ್ತು, ತಾನು ಮಾಡುವ ಪ್ರತಿಯೊಂದು ಸಾರ್ಬಿಟಾಲಿಗೂ ಒಂದು ಎನ್‌ಎಡಿಪಿಎಚ್‌ಅನ್ನು ವ್ಯಯಮಾಡುತ್ತದೆ. ಗ್ಲುಟಾಥಯೋನನ್ನು ಸಜ್ಜುಗೊಳಿಸಬೇಕಾಗಿದ್ದ ನಾಣ್ಯ ಹೀಗೆ ಬೇರೆ ಬಾಬತ್ತಿಗೆ ಸೋರಿಹೋಗುತ್ತದೆ. ಕಣ್ಣಿನ ಮಸೂರದಲ್ಲಿ ಇದು ದೊಡ್ಡ ಸೋರಿಕೆಯೆಂಬುದರಲ್ಲಿ ಸಂಶಯವಿಲ್ಲ; ನಾಳದ ಒಳಪೊರೆಯಲ್ಲಿ ಈ ಕಿಣ್ವದ ಪ್ರಮಾಣ ಎಷ್ಟೆಂಬುದರಲ್ಲಿ ಮಾತ್ರ ಶೋಧಕರಿಗೆ ಒಮ್ಮತವಿಲ್ಲ. ಪ್ರೋಟೀನ್ ಕೈನೇಸ್-ಸಿ ಕೆರಳಿದರೆ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಇದರ ಕಸುಬು ಅದೇ ನಾಣ್ಯವನ್ನು ಖರ್ಚುಮಾಡಿ ಸೂಪರಾಕ್ಸೈಡನ್ನು ತಯಾರಿಸುವುದು. ಕಾವಲುಗಾರನ ಕೂಲಿಯಿಂದ ಕಳ್ಳನಿಗೆ ಸಂಬಳ ಕೊಟ್ಟಂತಾಯಿತು. ಸಕ್ಕರೆ ಪ್ರೋಟೀನಿಗೆ ಅಂಟಿಕೊಳ್ಳುವ ದಾರಿಯಂತೂ ಕಾವಲುಗಾರರನ್ನೇ ನೇರವಾಗಿ ಕುಂಠಿತಗೊಳಿಸುತ್ತದೆ: ಮೈಗೆ ಸಕ್ಕರೆ ಅಂಟಿದ ಡಿಸ್ಮ್ಯುಟೇಸ್ ತನ್ನ ಚುರುಕನ್ನು ಕಳೆದುಕೊಳ್ಳುತ್ತದೆಂದು ಜಪಾನಿನ ಶೋಧಕರು ೧೯೮೭ರಲ್ಲಿಯೇ ಕಂಡುಕೊಂಡಿದ್ದರು.

ಇನ್ನು ಟಂಕಸಾಲೆಯ ಸ್ಥಿತಿ. ೧೯೯೫ರಲ್ಲಿ ಜಪಾನಿನಲ್ಲಿ ಮಾನವನ ಒಳಪೊರೆಯ ಕೋಶಗಳನ್ನು ಅಧಿಕ ಗ್ಲೂಕೋಸಿನಲ್ಲಿ ಬೆಳೆಸಿ, ಬಳಿಕ ಅವುಗಳ ಮೇಲೆ ಪೆರಾಕ್ಸೈಡನ್ನು ಬಿಟ್ಟು ಪರೀಕ್ಷಿಸಿದರು. ಸಹಜ ಪರಿಸ್ಥಿತಿಯ ಕೋಶಗಳು ಇಂಥ ದಾಳಿಗೆ ಉತ್ತರವಾಗಿ ಪಕ್ಕದ ಹಾದಿಯಲ್ಲಿ ಗ್ಲೂಕೋಸನ್ನು ಹೆಚ್ಚು ಹರಿಸಿ ಎನ್‌ಎಡಿಪಿಎಚ್‌ಅನ್ನು ತುಂಬಿಕೊಳ್ಳುತ್ತವೆ. ಸಕ್ಕರೆಯಲ್ಲಿ ಬೆಳೆದ ಕೋಶಗಳಿಗೆ ಅದು ಸರಿಯಾಗಿ ಸಾಧ್ಯವಾಗಲಿಲ್ಲ. ೨೦೦೦ದಲ್ಲಿ ಅಮೆರಿಕದ ರಾಬರ್ಟ್ ಸ್ಟಾಂಟನ್ ಮತ್ತು ಸಂಗಡಿಗರು ಇದಕ್ಕೆ ಒಂದು ಕಾರಣವನ್ನು ಹೇಳಿದರು. ಅಧಿಕ ಗ್ಲೂಕೋಸ್ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಅದು ಟಂಕಸಾಲೆಯ ಮೊದಲ ಬಾಗಿಲ ಕಿಣ್ವಕ್ಕೆ ಫಾಸ್ಫೇಟನ್ನು ಅಂಟಿಸಿ ಅದರ ವೇಗವನ್ನು ತಗ್ಗಿಸುತ್ತದೆ. ಕಚ್ಚಾ ಲೋಹ ರಾಶಿಬಿದ್ದಿದ್ದರೂ ಅಚ್ಚಿನ ಯಂತ್ರ ನಿಂತಿತೆನ್ನಬಹುದು.

ಇಲ್ಲಿ ಗ್ರಂಥಗಳಲ್ಲಿ ಕಾಣುವ ಒಂದು ವಿರೋಧವನ್ನು ಪರಿಶೀಲಿಸುವುದು ಉಚಿತ. ಅಧಿಕ ಸಕ್ಕರೆಯಿಂದ ಕಾವಲು ಕಿಣ್ವಗಳು ಕಡಮೆಯಾಗುತ್ತವೆಂದು ಕೆಲವರು ಬರೆದರೆ, ಹೆಚ್ಚುತ್ತವೆಂದು ಮತ್ತೆ ಕೆಲವರು ಬರೆದಿದ್ದಾರೆ. ಇಟಲಿಯ ಆಂಟೋನಿಯೊ ಚೆರಿಯೆಲ್ಲೊ ಮತ್ತು ಜೊತೆಗಾರರು ೧೯೯೬ರಲ್ಲಿ ಮಾನವನ ಹೊಕ್ಕುಳಬಳ್ಳಿಯ ನಾಳದಿಂದ ತೆಗೆದ ಕೋಶಗಳನ್ನು ಒಂದೆರಡು ವಾರ ಅಧಿಕ ಗ್ಲೂಕೋಸಿನಲ್ಲಿಟ್ಟಾಗ, ತಾಮ್ರ ಮತ್ತು ಸತುವುಳ್ಳ ಡಿಸ್ಮ್ಯುಟೇಸ್, ಕೆಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮೂರೂ ಏರಿದುವು. ಈ ಏರಿಕೆಯನ್ನು ಬಲದ ಲಕ್ಷಣವೆಂದು ಓದುವುದು ತಪ್ಪಾದೀತು. ಊರಿನಲ್ಲಿ ಕಾವಲುಗಾರರ ಸಂಖ್ಯೆ ಹೆಚ್ಚಿದೆಯೆಂದರೆ ಊರು ಸುರಕ್ಷಿತವೆಂದಲ್ಲ, ಕಳವು ಹೆಚ್ಚಿದೆಯೆಂದರ್ಥ. ಕಿಣ್ವದ ಎಣಿಕೆ ಬೇರೆ, ಕಿಣ್ವಕ್ಕೆ ದೊರೆಯುವ ಎನ್‌ಎಡಿಪಿಎಚ್‌ನ ಲೆಕ್ಕ ಬೇರೆ. ಎರಡನ್ನೂ ಒಟ್ಟಿಗೆ ನೋಡಿದರೆ ವಿರೋಧ ಬಹುಮಟ್ಟಿಗೆ ಕರಗುತ್ತದೆ. ಇದೇ ಬಳಗ ೨೦೦೦ದಲ್ಲಿ ಮಧುಮೇಹಿಗಳ ಚರ್ಮದ ಕೋಶಗಳನ್ನು ಬೆಳೆಸಿ ನೋಡಿದಾಗ ಹೊರಬಿದ್ದ ಸಂಗತಿ ಇನ್ನೂ ಗಮನಾರ್ಹ. ಸಕ್ಕರೆ ಏರಿದಾಗ ಡಿಸ್ಮ್ಯುಟೇಸ್ ಎಲ್ಲರ ಕೋಶಗಳಲ್ಲಿಯೂ ಏರಿತು. ಆದರೆ ಮೂತ್ರಪಿಂಡದ ತೊಂದರೆಯಿದ್ದ ರೋಗಿಗಳ ಕೋಶಗಳಲ್ಲಿ ಕೆಟಲೇಸೂ ಪೆರಾಕ್ಸಿಡೇಸೂ ಏರಲಿಲ್ಲ. ಅಂದರೆ ಸೂಪರಾಕ್ಸೈಡ್ ಪೆರಾಕ್ಸೈಡಾಗುತ್ತದೆ, ಪೆರಾಕ್ಸೈಡ್ ನೀರಾಗದೆ ಉಳಿಯುತ್ತದೆ. ಒಂದೇ ಮಟ್ಟದ ಸಕ್ಕರೆಯಿದ್ದರೂ ಒಬ್ಬನ ಮೂತ್ರಪಿಂಡ ಕೆಟ್ಟು ಇನ್ನೊಬ್ಬನದು ಉಳಿಯುವುದಕ್ಕೆ ಇಂಥ ವ್ಯತ್ಯಾಸ ಒಂದು ಕಾರಣವಾಗಿದ್ದೀತು.

ಸೂಪರಾಕ್ಸೈಡ್ ಉಳಿದುಹೋದರೆ ಆಗುವ ನಷ್ಟಗಳಲ್ಲಿ ನೈಟ್ರಿಕ್ ಆಕ್ಸೈಡಿನ ನಷ್ಟ ಮೊದಲನೆಯದು. ಎರಡೂ ಸಂಧಿಸಿದೊಡನೆ ಕೂಡಿ ಪೆರಾಕ್ಸಿನೈಟ್ರೈಟ್ ಎಂಬ ಇನ್ನೂ ಉಗ್ರವಾದ ಪದಾರ್ಥವಾಗುತ್ತವೆ. ನಾಳವನ್ನು ಹಿಗ್ಗಿಸುತ್ತಿದ್ದ ಅನಿಲವೂ ಹೋಯಿತು, ಅದರ ಸ್ಥಾನದಲ್ಲಿ ನಾಳವನ್ನು ಸುಡುವ ದ್ರವ್ಯವೂ ಬಂದಿತು. ಈ ದ್ರವ್ಯವು ನೈಟ್ರಿಕ್ ಆಕ್ಸೈಡಿನ ಕಿಣ್ವಕ್ಕೆ ಅಗತ್ಯವಾದ ಸಹಾಯಕ ಅಣುವನ್ನು ಕೆಡಿಸಿದರೆ, ಆ ಕಿಣ್ವವೇ ಹಾದಿತಪ್ಪಿ ಸೂಪರಾಕ್ಸೈಡನ್ನು ತಯಾರಿಸತೊಡಗುತ್ತದೆ.

ಸಕ್ಕರೆ ಸದಾ ಎತ್ತರದಲ್ಲಿಯೇ ಇದ್ದರೆ ಹೆಚ್ಚು ಕೇಡೋ, ಏರುತ್ತ ಇಳಿಯುತ್ತ ಇದ್ದರೋ? ೨೦೦೧ರಲ್ಲಿ ಇಟಲಿಯಲ್ಲಿಯೇ ಇದನ್ನು ಪರೀಕ್ಷಿಸಿದರು. ಹೊಕ್ಕುಳಬಳ್ಳಿಯ ಕೋಶಗಳ ಒಂದು ತಂಡಕ್ಕೆ ಡೆಸಿಲೀಟರಿಗೆ ಸುಮಾರು ೯೦ ಮಿಲಿಗ್ರಾಂ, ಇನ್ನೊಂದಕ್ಕೆ ಸುಮಾರು ೩೬೦ ಮಿಲಿಗ್ರಾಂ ಗ್ಲೂಕೋಸ್. ಮೂರನೆಯದಕ್ಕೆ ದಿನ ಬಿಟ್ಟು ದಿನ ಇದು, ಅದು. ಹದಿನಾಲ್ಕು ದಿನಗಳ ಮೇಲೆ ನೋಡಿದರೆ ಅತಿ ಹೆಚ್ಚು ಕೋಶಗಳು ಸತ್ತಿದ್ದುದು ಮೂರನೆಯ ತಂಡದಲ್ಲಿ. ಎಡೆಬಿಡದೆ ಬೀಳುವ ಹೊರೆಗೆ ಕೋಶ ಹೇಗೋ ಒಗ್ಗಿಕೊಳ್ಳಬಹುದು. ಒಗ್ಗಿಕೊಳ್ಳುವಷ್ಟರಲ್ಲಿ ಹೊರೆ ಬದಲಾಗುತ್ತಿದ್ದರೆ ಅದಕ್ಕೆ ಆಸ್ಪದವಿಲ್ಲ.

ಇದಕ್ಕಿಂತಲೂ ಕಳವಳಕಾರಿಯಾದುದು ಕೋಶದ ನೆನಪು. ೨೦೦೮ರಲ್ಲಿ ಅಸಂ ಎಲ್-ಒಸ್ಟಾ ಮತ್ತು ಸಂಗಡಿಗರು ಮಾನವನ ಮಹಾಧಮನಿಯ ಒಳಪೊರೆಯ ಕೋಶಗಳನ್ನು ಬರಿಯ ಹದಿನಾರು ಗಂಟೆ ಅಧಿಕ ಗ್ಲೂಕೋಸಿನಲ್ಲಿಟ್ಟು, ಬಳಿಕ ಆರು ದಿನ ಸಹಜ ಮಟ್ಟದಲ್ಲಿಟ್ಟರು. ಆರು ದಿನಗಳಾದರೂ ಉರಿಯೂತವನ್ನೆಬ್ಬಿಸುವ ವಂಶವಾಹಿಯೊಂದು ಎಚ್ಚೆತ್ತೇ ಇದ್ದಿತು. ಅದರ ಸಮೀಪದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನಿನ ಮೇಲೆ ಬಿದ್ದ ರಾಸಾಯನಿಕ ಗುರುತು ಅಳಿಸಿರಲಿಲ್ಲ. ಹೆಚ್ಚಿನ ಗ್ಲೂಕೋಸಿದ್ದ ಆ ಗಂಟೆಗಳಲ್ಲಿ ಸೂಪರಾಕ್ಸೈಡನ್ನು ತಡೆದಿದ್ದರೆ ಗುರುತು ಬೀಳುತ್ತಿರಲಿಲ್ಲ.

ಗಾಜಿನ ಪಾತ್ರೆಯ ಈ ನೆನಪಿಗೆ ಮನುಷ್ಯರಲ್ಲಿ ಸಮಾನವಾದ ಸಂಗತಿ ಅದಕ್ಕೂ ಮೊದಲೇ ಕಂಡಿದ್ದಿತು. ೧೯೮೩ರಿಂದ ೧೯೯೩ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ, ಇನ್ಸುಲಿನ್ ಇಲ್ಲದೆ ಬದುಕಲಾರದ ವರ್ಗದ ೧,೪೪೧ ಮಂದಿ ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೂಢಿಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಬಿಗಿಯಾದ ಚಿಕಿತ್ಸೆಯನ್ನೂ ಕೊಟ್ಟರು. ಬಿಗಿಯಾದ ಚಿಕಿತ್ಸೆಯವರಲ್ಲಿ ಆರಂಭಕ್ಕೆ ಕಣ್ಣು ಚೆನ್ನಾಗಿದ್ದವರಿಗೆ ಅಕ್ಷಿಪಟದ ರೋಗ ತಗಲುವ ಸಂಭವ ನೂರಕ್ಕೆ ೭೬ರಷ್ಟು ಇಳಿಯಿತು. ಪ್ರಯೋಗ ಮುಗಿದ ಮೇಲೆ ಎಲ್ಲರಿಗೂ ಬಿಗಿಯಾದ ಚಿಕಿತ್ಸೆಯನ್ನೇ ಸೂಚಿಸಲಾಯಿತು. ಕೆಲವು ವರ್ಷಗಳಲ್ಲಿ ಎರಡು ಗುಂಪಿನ ಸಕ್ಕರೆಯೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಬಂದು ನಿಂತಿತು. ಸಕ್ಕರೆ ಸಮನಾಯಿತು, ರೋಗ ಸಮನಾಗಲಿಲ್ಲ. ಹಿಂದೆ ರೂಢಿಯ ಚಿಕಿತ್ಸೆಯಲ್ಲಿದ್ದವರ ಕಣ್ಣು, ಮೂತ್ರಪಿಂಡಗಳು ಅನಂತರದ ವರ್ಷಗಳಲ್ಲಿಯೂ ಹೆಚ್ಚಾಗಿ ಕೆಡುತ್ತಲೇ ಹೋದುವು.

ಕಾವಲು ಕುಂದಿದ್ದರೆ ಹೊರಗಿನಿಂದ ಕಾವಲನ್ನು ಕಳುಹಿಸಬಾರದೇಕೆ ಎಂಬ ಯೋಚನೆ ಯಾರಿಗಾದರೂ ಬರತಕ್ಕದ್ದೇ. ಆಂಟಿಆಕ್ಸಿಡೆಂಟ್ ಎಂಬ ಶಬ್ದ ಔಷಧದ ಅಂಗಡಿಯ ಸೀಸೆಯಿಂದ ಚಹಾದ ಪೊಟ್ಟಣದವರೆಗೆ ಎಲ್ಲೆಲ್ಲಿಯೂ ಮೆರೆಯುತ್ತಿರುವುದು ಈ ಯೋಚನೆಯ ಬಲದಿಂದಲೇ. ಯೋಚನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ೨೦೦೦ದಲ್ಲಿ ಪ್ರಕಟವಾದ ಹೋಪ್ ಎಂಬ ಪ್ರಯೋಗದಲ್ಲಿ ಹೃದ್ರೋಗದ ಅಪಾಯವಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಇ ಜೀವಸತ್ತ್ವವನ್ನೋ ಹುಸಿಗುಳಿಗೆಯನ್ನೋ ಕೊಟ್ಟರು. ಇವರಲ್ಲಿ ಮಧುಮೇಹಿಗಳೇ ಮೂರೂವರೆ ಸಾವಿರದಷ್ಟಿದ್ದರು. ಹೃದಯಾಘಾತವೂ ಮರಣವೂ ಕಡಮೆಯಾಗಲಿಲ್ಲ. ೨೦೦೨ರಲ್ಲಿ ಇಂಗ್ಲೆಂಡಿನ ಹೃದಯರಕ್ಷಣೆಯ ಅಧ್ಯಯನವು ೨೦,೫೩೬ ಮಂದಿಯಲ್ಲಿ ಇ, ಸಿ ಜೀವಸತ್ತ್ವಗಳನ್ನೂ ಬೀಟಾ-ಕ್ಯಾರೊಟೀನನ್ನೂ ಸೇರಿಸಿ ಪರೀಕ್ಷಿಸಿತು. ರಕ್ತದಲ್ಲಿ ಆ ಸತ್ತ್ವಗಳು ಏರಿದುವು, ರೋಗ ಇಳಿಯಲಿಲ್ಲ.

ಈ ಸೋಲಿನ ಕಾರಣ ಮೇಲೆ ಹೇಳಿದುದರಲ್ಲಿಯೇ ಅಡಗಿದೆ. ಇ ಜೀವಸತ್ತ್ವದ ಒಂದು ಅಣು ಒಂದೆರಡು ಉಗ್ರ ಅಣುಗಳನ್ನು ತಣಿಸಿ ತಾನೇ ಮುಗಿದುಹೋಗುತ್ತದೆ. ಕಿಣ್ವವಾದರೋ ಕ್ಷಣಕ್ಷಣಕ್ಕೂ ಅಸಂಖ್ಯಾತ ಅಣುಗಳನ್ನು ಹಿಡಿದು ಬಿಡುತ್ತಿರುತ್ತದೆ. ಇ ಜೀವಸತ್ತ್ವ ಕೊಬ್ಬಿನ ಪೊರೆಗಳಲ್ಲಿ ನೆಲಸುವುದು, ಸೂಪರಾಕ್ಸೈಡ್ ಮೈಟೊಕಾಂಡ್ರಿಯದೊಳಗೆ ಹುಟ್ಟುವುದು. ಮುಗಿದ ಜೀವಸತ್ತ್ವವನ್ನು ಮತ್ತೆ ಚುರುಕುಗೊಳಿಸುವ ಸರಪಳಿಯ ಹಿಂದಿನ ತುದಿಯಲ್ಲಿ ನಿಂತಿರುವುದು ಮತ್ತದೇ ಗ್ಲುಟಾಥಯೋನ್, ಮತ್ತದೇ ಎನ್‌ಎಡಿಪಿಎಚ್. ಕೊರತೆ ಕೂಲಿಯದಾಗಿರುವಾಗ ಆಳುಗಳನ್ನು ಹೆಚ್ಚಿಸಿ ಪ್ರಯೋಜನವೇನು?

ಕೋಶದ ಸ್ವಂತ ಕಾವಲನ್ನೇ ಎಬ್ಬಿಸುವ ಮದ್ದನ್ನು ಹುಡುಕಿದವರೂ ಉಂಟು. ಕಾವಲು ಕಿಣ್ವಗಳ ವಂಶವಾಹಿಗಳನ್ನು ಒಟ್ಟಿಗೆ ಎಚ್ಚರಿಸುವ ಎನ್‌ಆರ್‌ಎಫ್-೨ ಎಂಬ ಪ್ರೋಟೀನನ್ನು ಪ್ರಚೋದಿಸುವ ಬಾರ್ಡಾಕ್ಸೊಲೋನ್ ಎಂಬ ಔಷಧವನ್ನು, ಮೂತ್ರಪಿಂಡ ತೀರ ಕ್ಷೀಣಿಸಿದ್ದ ೨,೧೮೫ ಮಧುಮೇಹಿಗಳಲ್ಲಿ ಪರೀಕ್ಷಿಸಿದರು. ಹೃದಯ ಸೋಲುವ ಪ್ರಸಂಗಗಳು ಹೆಚ್ಚಿದುದರಿಂದ ೨೦೧೨ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಸಿದ್ಧಾಂತದ ಮೇಲೆಯೂ ಆಕ್ಷೇಪಗಳಿಲ್ಲದಿಲ್ಲ. ಬ್ರೌನ್‌ಲೀ ಬಳಗ ಬಳಸಿದ ಅಧಿಕ ಗ್ಲೂಕೋಸ್ ಡೆಸಿಲೀಟರಿಗೆ ೫೪೦ ಮಿಲಿಗ್ರಾಮಿನಷ್ಟು. ಚಿಕಿತ್ಸೆಯಲ್ಲಿರುವ ರೋಗಿಯಲ್ಲಿ ಅಷ್ಟು ಸಕ್ಕರೆ ದಿನಗಟ್ಟಲೆ ನಿಲ್ಲುವುದು ಅಪರೂಪ. ಪಾತ್ರೆಯ ಕೋಶಕ್ಕೆ ದೊರೆಯುವ ಆಮ್ಲಜನಕ ದೇಹದ ಕೋಶಕ್ಕೆ ದೊರೆಯುವುದಕ್ಕಿಂತ ಹೆಚ್ಚು. ಅಲ್ಲಿ ರಕ್ತದ ಹರಿವೂ ಇಲ್ಲ. ನಾಳದ ಒಳಪೊರೆ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಮೈಟೊಕಾಂಡ್ರಿಯಗಳಿಂದಲ್ಲ, ಗ್ಲೂಕೋಸನ್ನು ಒಡೆಯುವುದರಿಂದಲೇ ಪಡೆಯುತ್ತದೆಂಬುದನ್ನೂ ಮರೆಯುವಂತಿಲ್ಲ. ೨೦೧೩ರಲ್ಲಿ ಅಮೆರಿಕದ ಶೋಧಕರು ಮಧುಮೇಹವುಳ್ಳ ಇಲಿಗಳ ಮೂತ್ರಪಿಂಡದಲ್ಲಿ ಸೂಪರಾಕ್ಸೈಡ್ ಹೆಚ್ಚಿರುವ ಬದಲು ಕಡಮೆಯಾಗಿರುವುದನ್ನು ಕಂಡು, ಮೈಟೊಕಾಂಡ್ರಿಯಗಳು ಸೊರಗಿರುವುದೇ ರೋಗದ ಕಾರಣವಾಗಿರಬಹುದೆಂದು ವಾದಿಸಿದರು. ಒಳಪೊರೆಯ ಕೋಶಕ್ಕೆ ಸಲ್ಲುವ ಮಾತು ಮೂತ್ರಪಿಂಡಕ್ಕೂ ಹಾಗೆಯೇ ಸಲ್ಲಬೇಕೆಂಬ ನಿಯಮವಿಲ್ಲವಾದರೂ, ಒಂದೇ ಬುಡದಿಂದ ಎಲ್ಲವನ್ನೂ ವಿವರಿಸುವ ಉತ್ಸಾಹಕ್ಕೆ ಇದರಿಂದ ಕಡಿವಾಣ ಬಿದ್ದಿದೆ.

ಚಿಕಿತ್ಸೆಯ ಕಾಲದ ವಿಷಯದಲ್ಲಿ ಮಾತ್ರ ಮನುಷ್ಯರ ಮೇಲಿನ ಪ್ರಯೋಗಗಳು ಸ್ಪಷ್ಟವಾಗಿವೆ. ಅಕಾರ್ಡ್ ಎಂಬ ಪ್ರಯೋಗದಲ್ಲಿ, ನಡುವಯಸ್ಸು ದಾಟಿ ನಾಳರೋಗ ಆಗಲೇ ಅಂಕುರಿಸಿದ್ದ ಅಥವಾ ಅದರ ಅಪಾಯ ಹೆಚ್ಚಾಗಿದ್ದ ೧೦,೨೫೧ ಮಧುಮೇಹಿಗಳಲ್ಲಿ ಅರ್ಧದಷ್ಟು ಮಂದಿಯ ಸಕ್ಕರೆಯನ್ನು ಬಲವಂತವಾಗಿ ಸಹಜಮಟ್ಟಕ್ಕೆ ಇಳಿಸಹೋದಾಗ ಅವರಲ್ಲಿ ಮರಣ ಹೆಚ್ಚಿತು. ೨೦೦೮ರಲ್ಲಿ ಆ ಬಿಗಿಯನ್ನು ಸಡಿಲಿಸಬೇಕಾಯಿತು. ಎಳೆಯ ಪ್ರಾಯದಲ್ಲಿಯೇ ಎರಡು ಗುಂಪಾಗಿ ಚಿಕಿತ್ಸೆ ಪಡೆದ ಆ ೧,೪೪೧ ಮಂದಿಯ ಲೆಕ್ಕ ೨೦೧೫ರಲ್ಲಿ ಹೊರಬಂದಿತು. ಇಪ್ಪತ್ತೇಳು ವರ್ಷಗಳ ಅವಧಿಯಲ್ಲಿ ರೂಢಿಯ ಚಿಕಿತ್ಸೆಯಿಂದ ಆರಂಭಿಸಿದ ಗುಂಪಿನಲ್ಲಿ ೬೪ ಮಂದಿಯೂ, ಬಿಗಿಯಾದ ಚಿಕಿತ್ಸೆಯಿಂದ ಆರಂಭಿಸಿದ ಗುಂಪಿನಲ್ಲಿ ೪೩ ಮಂದಿಯೂ ತೀರಿಕೊಂಡಿದ್ದರು.